ಉತ್ತಯ್ಯನವರು ಬ್ರಂಚಿಗೆ ಹೋದದ್ದು

"ಇನ್ನು ಮುಂದೆ ಭಾನುವಾರದ ದಿನ ನಾನು ಈ ಮನೆಯಲ್ಲಿ ಬೆಳಗಿನ ತಿಂಡಿ ತಿನ್ನುವುದಿಲ್ಲ, ಮಧ್ಯಾಹ್ನದ ಊಟವನ್ನೂ ಮಾಡುವುದಿಲ್ಲ!"

ಮಾದಾಪುರದ ಕಾಫಿ ತೋಟದ ಒಡೆಯರಾದ ಉತ್ತಯ್ಯನವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೆ ಘೋಷಿಸಿದಾಗ, ಅವರ ಹೆಂಡತಿ ಪೂವಮ್ಮ ರೊಟ್ಟಿ ತಟ್ಟುತ್ತಿದ್ದ ಕೈಯನ್ನು ನಿಲ್ಲಿಸಲೂ ಇಲ್ಲ.

"ಉಪವಾಸವಾ? ಯಾವ ದೇವ್ರಿಗೆ?"

"ಉಪವಾಸ ಅಲ್ಲ ಮಾರಾಯ್ತಿ. ಬ್ರಂಚ್!"

ಪಕ್ಕದ ಎಸ್ಟೇಟಿನ ಬಿಳಿ ದೊರೆ ಹಿಂದಿನ ದಿನ ಬೇಲಿಯ ಆಚೆಯಿಂದ ಈ ಮಹಾವಿದ್ಯೆಯನ್ನು ಉಪದೇಶಿಸಿದ್ದ. ಭಾನುವಾರ ತಡವಾಗಿ ಏಳುವುದು. ತಿಂಡಿಯನ್ನು ಬಿಡುವುದು, ಊಟವನ್ನೂ ಬಿಡುವುದು. ಎರಡಕ್ಕೂ ನಡುವೆ, ಹನ್ನೊಂದು ಗಂಟೆಯ ಹೊತ್ತಿಗೆ, ಸ್ನೇಹಿತರ ಜೊತೆ ಪಟ್ಟಣದ ಹೋಟೆಲಿಗೆ ಹೋಗಿ ಎರಡನ್ನೂ ಒಟ್ಟಿಗೆ ವಸೂಲು ಮಾಡುವುದು!

"ಹನ್ನೊಂದು ಗಂಟೆಗೆ ಎದ್ದು ತಿನ್ನುವವ್ರಿಗೆ ನಮ್ಮಲ್ಲಿ ಬೇರೆ ಹೆಸರುಂಟು," ಎಂದರು ಪೂವಮ್ಮ.

"ನಿನಗೆ ಕಾಲ ಬದಲಾದದ್ದೇ ಗೊತ್ತಿಲ್ಲ. ನಮ್ಮದೀಗ ಒಂದು ರಾಜ್ಯ. ಕೂರ್ಗ್ ಸ್ಟೇಟ್! ಮಡಿಕೇರಿ ಅದರ ರಾಜಧಾನಿ. ಸ್ವಂತ ರಾಜಧಾನಿಯ ಹೋಟೆಲಿನಲ್ಲಿ ಕೂತು ಕೈ ಬಾಯಿ ಆಡಿಸದಿದ್ದರೆ ರಾಜ್ಯ ಬಂದು ಎಂತ ಪ್ರಯೋಜನ?"

ಈ ರಾಜ್ಯವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಬಾಯಲ್ಲಿನ ವೀಳ್ಯ ಸಪ್ಪೆಯಾಗುವುದರೊಳಗೆ ದಾಟಿಬಿಡಬಹುದಿತ್ತು. ಆದರೆ ಅದರ ಬಗ್ಗೆ ಉತ್ತಯ್ಯನವರಿಗಿದ್ದ ಹೆಮ್ಮೆಯನ್ನು ದಾಟಲು ಮೂರು ಬಸ್ಸು ಬದಲಾಯಿಸಬೇಕಿತ್ತು.

"ಹೋಗಿ ಬನ್ನಿ," ಎಂದರು ಪೂವಮ್ಮ. "ಬುಧವಾರ ಮಾತ್ರ ಮನೆಯಲ್ಲಿರಿ. ನಾಪೋಕ್ಲಿನವರು ಸರೋಜನ ಕೇಳ್ಲಿಕ್ಕೆ ಬರ್ತಾರೆ. ಬಂದವರ ಮುಂದೆ ನಿಮ್ಮ ಬಾಯಿ ಮುಚ್ಚಿರಲಿ. ಎರಡು ಸಂಬಂಧ ನಿಮ್ಮ ಬಡಾಯಿಗೇ ಓಡಿಹೋಯ್ತು. ಈ ಹುಡುಗನ ಮೇಲೆ ಮಗಳಿಗೂ ಮನಸ್ಸುಂಟು. ಇದೂ ತಪ್ಪಿತೋ, ನಿಮಗೆ ಭಾನುವಾರ ಮಾತ್ರ ಅಲ್ಲ, ವಾರವಿಡೀ ಹೋಟೆಲೇ!"

ಮಾತು ಸುಳ್ಳಲ್ಲ. ಮೊದಲು ಬಂದವರ ಮುಂದೆ ಉತ್ತಯ್ಯನವರು, ದುಬಾರೆ ಶಿಬಿರದ ಆನೆಗಳು ಮಾವುತನ ಮಾತು ಕೇಳದಿದ್ದರೆ ತನಗೆ ಹೇಳಿಕಳಿಸುತ್ತಾರೆ ಎಂದಿದ್ದರು. ಅವರು ಕಾಫಿ ಲೋಟ ಅರ್ಧಕ್ಕೇ ಇಟ್ಟು ಹೋದರು. ಎರಡನೆಯವರ ಮುಂದೆ ತನ್ನ ಗದ್ದೆಯ ಬತ್ತದ ತೆನೆಗೆ ಏಣಿ ಹಾಕಬೇಕು ಎಂದಿದ್ದರು. ಅವರು ಕಾಫಿಯನ್ನೇ ಮುಟ್ಟಲಿಲ್ಲ. ಈ ನಾಪೋಕ್ಲಿನವರು ಸರೋಜಳನ್ನು ಹೋದ ತಿಂಗಳು ಒಂದು ಮದುವೆಯಲ್ಲಿ ನೋಡಿ ಮೆಚ್ಚಿದ್ದರು. ಉತ್ತಯ್ಯನವರು ತೋಟದ ಕುಯ್ಲಿನಿಂದಾಗಿ ಆ ಮದುವೆಗೆ ಹೋಗಿರಲಿಲ್ಲ. ಸಂಬಂಧ ಅಲ್ಲಿಯವರೆಗೆ ಉಳಿದಿದ್ದಕ್ಕೆ ಅದೇ ಕಾರಣ ಎಂಬುದು ಪೂವಮ್ಮನ ನಂಬಿಕೆ.

ಆಯಿತು, ಭಾನುವಾರ ಬಂತು. ಉತ್ತಯ್ಯನವರ ಆಮಂತ್ರಣಕ್ಕೆ ಓಗೊಟ್ಟು ಇಬ್ಬರು ಸ್ನೇಹಿತರು ಹಸಿದ ಹೊಟ್ಟೆಯಲ್ಲಿ ಬಂದರು. ಒಬ್ಬರು ನಿವೃತ್ತ ಸುಬೇದಾರ್ ನಾಣಯ್ಯ, ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಕೊಂಡ ಹಳೇ ಜೀಪಿನ ಸಮೇತ. ಇನ್ನೊಬ್ಬರು ಸೋಮವಾರಪೇಟೆಯ ಏಲಕ್ಕಿ ವ್ಯಾಪಾರಿ ಕಲ್ಲೇಶಪ್ಪ. ಕಲ್ಲೇಶಪ್ಪನವರು ಮಾಂಸ ಮುಟ್ಟದವರಾದ್ದರಿಂದ ಜೀಪು ಮಡಿಕೇರಿಯ 'ಮಂಜುನಾಥ ವಿಲಾಸ'ದ ಮುಂದೆ ನಿಂತಿತು.

ಒಳಗೆ ಜನವೋ ಜನ! ಇಡೀ ರಾಜ್ಯವೇ ಬ್ರಂಚಿಗೆ ಬಂದಂತಿತ್ತು. ಇದ್ದ ಮೂವರು ಸಪ್ಲೈಯರ್‌ಗಳಲ್ಲಿ ಇಬ್ಬರು ಊರಿನ ಭೂತದ ಕೋಲಕ್ಕೆಂದು ಘಟ್ಟ ಇಳಿದಿದ್ದರು. ಉಳಿದ ಮಾಯಿಲಪ್ಪನೊಬ್ಬನೇ ಹದಿನಾಲ್ಕು ಮೇಜುಗಳ ನಡುವೆ ಬುಗುರಿಯಂತೆ ತಿರುಗುತ್ತಿದ್ದ. ಆತ ಬಂದ, ಮೂರು ಎಲೆ ಹಾಸಿದ, ಎಲೆಗೆ ಎರಡೆರಡು ಇಡ್ಲಿ ಇಟ್ಟ, ಒಂದು ಸೌಟು ಸಾಂಬಾರು ಸುರಿದ, ಹೋದ.

ಉತ್ತಯ್ಯನವರ ಮುಖ ಕೆಂಪಾಯಿತು.

"ನೋಡಿದ್ರಾ? ಇಟ್ಟ, ಹೋದ! 'ಇನ್ನೊಂದು ಹಾಕಲಾ' ಅಂತ ಒಂದು ಮಾತು ಕೇಳಿದ್ನಾ? ನನ್ನ ನೆಂಟರಿಗೆ ಇಂಥ ಅವಮಾನ!"

"ಹೋಟ್ಲು ಕಣಯ್ಯಾ ಇದು. ಕೂತ್ಕೊಂಡು ತಿನ್ನು," ಎಂದರು ಕಲ್ಲೇಶಪ್ಪ.

ಕೂರುವುದೇ? ಉತ್ತಯ್ಯನವರ ಮನೆತನದಲ್ಲಿ ಕರೆದವನು ಕರೆಸಿಕೊಂಡವರ ಜೊತೆ ಕೂತು ಉಂಡ ಇತಿಹಾಸವೇ ಇಲ್ಲ. ನೆಂಟರ ಎಲೆಯ ಮುಂದೆ ನಿಂತು ಬಡಿಸಬೇಕು, ಅವರು ಕೈ ತೊಳೆದ ಮೇಲೆ ತಾನು ಕೂರಬೇಕು. ಅದರಲ್ಲೂ 'ಸಾಕು' ಎಂಬ ಮಾತಿಗೆ ಆ ಮನೆಯಲ್ಲಿ ಬೇರೆಯೇ ಕಾನೂನು. ಮೊದಲನೆಯ 'ಸಾಕು' ಮರ್ಯಾದೆಗೆ, ಎರಡನೆಯದು ನಾಚಿಕೆಗೆ. ಮೂರನೆಯದಕ್ಕೆ ನೆಂಟ ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಬಡಿಸಬೇಕು!

ಅವರು ಕೋಟು ಕಳಚಿ ಕುರ್ಚಿಗೆ ನೇತುಹಾಕಿದರು. ಟವಲನ್ನು ಹೆಗಲಿಗೇರಿಸಿದರು. ಮಾಯಿಲಪ್ಪನ ಕೈಯಿಂದ ಸಾಂಬಾರಿನ ಬಕೆಟನ್ನೂ ಇಡ್ಲಿಯ ತಟ್ಟೆಯನ್ನೂ ಕಿತ್ತುಕೊಂಡರು. ಆತ ಅಡ್ಡಿ ಮಾಡಲಿಲ್ಲ. ಹತ್ತು ವರ್ಷದಿಂದ ಇಂಥವರೊಬ್ಬರು ಬರಲಿ ಎಂದು ಕಾಯುತ್ತಿದ್ದವನಂತೆ ಗೋಡೆಗೊರಗಿ ಬೀಡಿ ಹಚ್ಚಿದ.

"ಸಾಕು ಕಣೋ!" ಎಂದರು ಕಲ್ಲೇಶಪ್ಪ ಆರನೆಯ ಇಡ್ಲಿಗೆ.

"ಎಂತ ಸಾಕು? ಗುಬ್ಬಚ್ಚಿ ತಿಂದಷ್ಟೂ ಆಗ್ಲಿಲ್ಲ."

"ಹೊಟ್ಟೆ ಒಡ್ದೋಗುತ್ತೆ ಕಣೋ ಪುಣ್ಯಾತ್ಮ!" ಇದು ಹನ್ನೊಂದನೆಯದಕ್ಕೆ. ಹದಿನಾಲ್ಕನೆಯದಕ್ಕೆ ಕಲ್ಲೇಶಪ್ಪನವರು ಮಾತು ಬಿಟ್ಟು ಕೊರಳಿನ ಲಿಂಗವನ್ನು ಹಿಡಿದುಕೊಂಡರು. ಬರ್ಮಾದ ಕಾಡಿನಲ್ಲಿ ಜಪಾನಿಯರಿಗೆ ಶರಣಾಗದ ಸುಬೇದಾರ್ ನಾಣಯ್ಯನವರು ಎರಡೂ ಕೈ ಮೇಲೆತ್ತಿದ್ದರು. ಉತ್ತಯ್ಯನವರು ಅದೇ ಸಮಯ ಎಂದು ಖಾಲಿಯಾಗಿದ್ದ ಎಲೆಗೆ ಕೇಸರಿಬಾತು ಇಳಿಸಿದರು.

ಅಷ್ಟರಲ್ಲಿ ಪಕ್ಕದ ಮೇಜಿನಿಂದ ಕೂಗು: "ಇಲ್ಲಿ ಚಟ್ನಿ!"

ಊಟ ಕೇಳಿದವರಿಗೆ ಇಲ್ಲ ಎನ್ನುವುದೇ? ಬಡಿಸಿದರು. ಅದರಾಚೆಯ ಮೇಜಿಗೂ ಬಡಿಸಿದರು. ಇವರ ಕೈಗುಣ ನೋಡಿ ಇಡೀ ಹೋಟೆಲೇ "ಇಲ್ಲಿ! ಇಲ್ಲಿ!" ಎನ್ನತೊಡಗಿತು. ಉತ್ತಯ್ಯನವರು ಮೇಜಿನಿಂದ ಮೇಜಿಗೆ ಹಾರಾಡಿದರು. ಅವರಿಗೆ ಹೆಮ್ಮೆಯೋ ಹೆಮ್ಮೆ! ಕೂರ್ಗ್ ಸ್ಟೇಟಿನ ಅಷ್ಟೂ ಪ್ರಜೆಗಳು ತನ್ನ ಮನೆಗೇ ನೆಂಟರಾಗಿ ಬಂದಂತೆ! ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಮಾಲೀಕ ಮಂಜುನಾಥಯ್ಯ, ಈ ಹೊಸ ಮನುಷ್ಯನನ್ನು ತಾನು ಯಾವಾಗ ಕೆಲಸಕ್ಕಿಟ್ಟುಕೊಂಡೆ ಎಂದು ತಲೆ ಕೆರೆದುಕೊಂಡರು.

ಕಿಟಕಿ ಪಕ್ಕದ ಮೇಜಿಗೆ ಆಗ ತಾನೇ ನಡುವಯಸ್ಸಿನ ಗಂಡ ಹೆಂಡತಿ ಬಂದು ಕೂತಿದ್ದರು. ಗಂಡನಿಗೆ ಗಿರಿಜಾ ಮೀಸೆ, ಹೆಂಡತಿಗೆ ಚುರುಕು ಕಣ್ಣು. ಉತ್ತಯ್ಯನವರು ಅವರಿಗೂ ಬೇಡ ಬೇಡ ಎಂದರೂ ಬಿಡದೆ ನಾಲ್ಕು ನಾಲ್ಕು ಇಡ್ಲಿ ಹೇರಿದರು.

"ಏನಪ್ಪಾ," ಎಂದರು ಮೀಸೆಯವರು, "ಮಾದಾಪುರದ ಬಸ್ಸು ಎಷ್ಟು ಗಂಟೆಗೆ?"

"ಒಂದೂವರೆಗೆ. ಮಾದಾಪುರದಲ್ಲಿ ಯಾರ ಮನೆಗೆ?"

"ಉತ್ತಯ್ಯ ಅಂತ, ತೋಟದವರು. ನಾನು ನಾಪೋಕ್ಲಿನ ಮೊಣ್ಣಪ್ಪ. ಅವರ ಮಗಳನ್ನ ನಮ್ಮ ಮಗನಿಗೆ ಕೇಳುವ ಅಂತ ಹೊರಟದ್ದು. ಬುಧವಾರ ಬರ್ತೇವೆ ಅಂತ ಹೇಳಿಕಳಿಸಿದ್ದು. ಈ ಗಂಗಮ್ಮ ಕೇಳ್ಬೇಕಲ್ಲ? ಹೇಳದೆ ಹೋದರೇ ಮನೆಯ ಬಣ್ಣ ಗೊತ್ತಾಗುದು ಅಂತಾಳೆ. ನಿನಗೆ ಅವರ ಪರಿಚಯ ಉಂಟಾ?"

ಉತ್ತಯ್ಯನವರ ಕೈಯ ಬಕೆಟಿನಲ್ಲಿ ಸಾಂಬಾರು ಸಮುದ್ರದಂತೆ ಉಕ್ಕಿ ಇಳಿಯಿತು. ಬೇರೆ ಯಾರೇ ಆಗಿದ್ದರೂ ಬಕೆಟ್ ಕೆಳಗಿಟ್ಟು ಕೈ ಮುಗಿದುಬಿಡುತ್ತಿದ್ದರು. ಆದರೆ ಹೆಗಲಲ್ಲಿ ಟವಲು, ಅಂಗಿಯ ಮೇಲೆ ಚಟ್ನಿಯ ನಕ್ಷೆ. ಭಾವೀ ಬೀಗರ ಮುಂದೆ ಈ ವೇಷದಲ್ಲಿ 'ನಾನೇ' ಎನ್ನುವುದು ಹೇಗೆ? ಅದೂ ಅಲ್ಲದೆ, ತನ್ನ ಬಗ್ಗೆ ತಾನೇ ಬೇರೆಯವನಾಗಿ ಮಾತಾಡುವ ಅವಕಾಶ ಮನುಷ್ಯನಿಗೆ ಎಷ್ಟು ಸಲ ಸಿಗುತ್ತದೆ? ಪೂವಮ್ಮನ ಎಚ್ಚರಿಕೆ ಮಾದಾಪುರದಲ್ಲೇ ಉಳಿಯಿತು. ನಾಲಗೆ ಬೀಗ ಮುರಿದು ಹೊರಟಿತು.

"ಉತ್ತಯ್ಯನವರಾ! ಅವರನ್ನ ಅರಿಯದವರು ಯಾರು? ನೂರಿಪ್ಪತ್ತು ಎಕರೆ ಕಾಫಿ! ಇಪ್ಪತ್ತು ಕೋಣೆಯ ಮನೆ! ಎಂಟು ಬೇಟೆನಾಯಿ! ಹುಲಿ ಸಹ ಅವರ ಬೇಲಿ ದಾಟುವ ಮೊದಲು ಕೆಮ್ಮಿ ಅಪ್ಪಣೆ ಕೇಳ್ತದೆ ಸ್ವಾಮೀ!"

ಗಂಗಮ್ಮ ಕಣ್ಣು ಮುಚ್ಚಿ, ಬೆರಳಿನ ಗೆಣ್ಣು ಮುಟ್ಟುತ್ತ ಮನಸ್ಸಿನಲ್ಲೇ ಏನೋ ಹೇಳಿಕೊಂಡರು. ದೈವಭಕ್ತೆ ಇರಬೇಕು ಎಂದುಕೊಂಡರು ಉತ್ತಯ್ಯನವರು. ಆಕೆ ಕಣ್ಣು ಬಿಟ್ಟು ಗಂಡನಿಗೆ ಹೇಳಿದರು:

"ಏಳಿ, ನಾಪೋಕ್ಲಿಗೆ ವಾಪಸು ಹೋಗುವ. ಅಷ್ಟು ದೊಡ್ಡವರ ಮನೆಯ ಹೆಣ್ಣು ನಮ್ಮ ಹತ್ತೆಕರೆ ಗದ್ದೆಗೆ ಇಳೀತಾಳಾ? ಬೇಡಪ್ಪಾ ಬೇಡ."

ಉತ್ತಯ್ಯನವರು ಬಕೆಟ್ ಹಿಡಿದೇ ಅವರಿಗೆ ಅಡ್ಡ ನಿಂತರು. ಮೂರನೆಯ ಸಂಬಂಧ! ಕಣ್ಣ ಮುಂದೆ ಸರೋಜಳ ಸಪ್ಪೆ ಮುಖ ಬಂತು. ಅದರ ಹಿಂದೆಯೇ ಸೌಟು ಹಿಡಿದ ಪೂವಮ್ಮ ಬಂದರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ! ನಾನು ಹೇಳಿದ್ದು ಜನ ಹೇಳುವ ಮಾತು. ನಿಜ ನೋಡಿದರೆ ಮೂವತ್ತೇ ಎಕರೆ!"

"ಮನೆ?"

"ಐದು ಕೋಣೆ. ಒಂದು ಮಳೆಗಾಲದಲ್ಲಿ ಸೋರ್ತದೆ."

"ಬೇಟೆನಾಯಿ?"

"ಎರಡು. ಒಂದಕ್ಕೆ ಬೆಕ್ಕು ಕಂಡರೆ ಹೆದರಿಕೆ."

"ಮತ್ತೆ ಆ ಹುಲಿ?"

"ಹುಲಿಯ ಮುಖವನ್ನೇ ಅವರು ನೋಡಿಲ್ಲಮ್ಮಾ! ಉತ್ತಯ್ಯ ಅಂದ್ರೆ ಬರೇ ಬಡಾಯಿ! ಬಾಯಿ ಬಿಟ್ಟರೆ ಬುರುಡೆ! ಆದರೆ ಮಗಳು ಬಂಗಾರ. ಆ ಮನುಷ್ಯನ ಮುಖ ನೋಡಿ ಹುಡುಗಿಯನ್ನ ಬಿಡಬೇಡಿ!"

ಮೊಣ್ಣಪ್ಪನವರ ಮೀಸೆ ನಿಗುರಿತು. "ಏಯ್! ಸಾಂಬಾರು ಬಡಿಸುವವ ನೀನು, ಮರ್ಯಾದಸ್ಥರ ಬಗ್ಗೆ ಹೀಗೆಲ್ಲ ಮಾತಾಡ್ತೀಯಾ? ಉತ್ತಯ್ಯನವರು ನಿನಗೆ ಎಂತ ಅನ್ಯಾಯ ಮಾಡಿದ್ದಾರೆ?"

ಇನ್ನು ದಾರಿ ಉಳಿದಿರಲಿಲ್ಲ. ಬಕೆಟನ್ನು ಎದೆಗವಚಿಕೊಂಡು ಉತ್ತಯ್ಯನವರು ಕೂಗಿದರು: "ಸ್ವಾಮೀ, ಆ ಉತ್ತಯ್ಯ ನಾನೇ!"

ಹೋಟೆಲು ಗೊಳ್ಳೆಂದು ನಕ್ಕಿತು.

"ಬೇಕಾದರೆ ನನ್ನ ಸ್ನೇಹಿತರನ್ನ ಕೇಳಿ! ನಾಣಯ್ಯಾ, ಹೇಳು ಮಾರಾಯಾ!"

ನಾಣಯ್ಯನವರ ಬಾಯಿ ತುಂಬ ಕೇಸರಿಬಾತು. ಅವರು ತಲೆಯನ್ನು ಮೇಲೆ ಕೆಳಗೆ ಆಡಿಸಿದರು. ಅದು ಗಂಟಲಲ್ಲಿ ಸಿಕ್ಕಿದಾಗ ಎಡಕ್ಕೂ ಬಲಕ್ಕೂ ಆಡಿಸಿದರು.

"ಕಲ್ಲೇಶಪ್ಪಾ, ನೀನಾದ್ರೂ ಹೇಳು!"

ಹದಿನಾಲ್ಕು ಇಡ್ಲಿಯ ಸೇಡು ಕಲ್ಲೇಶಪ್ಪನವರ ಕಣ್ಣಲ್ಲಿ ಮಿಂಚಿತು. "ಯಾವ ಉತ್ತಯ್ಯ? ಯಾರಪ್ಪಾ ನೀನು? ಹೋಗಿ ಒಂದು ಲೋಟ ಜೀರಿಗೆ ನೀರು ತಗಂಬಾ."

"ನನಗೂ ಗೊತ್ತಿಲ್ಲ," ಎಂದರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಮಂಜುನಾಥಯ್ಯ. "ಕೆಲಸ ಮಾತ್ರ ಒಳ್ಳೇದು ಮಾಡ್ತಾನೆ."

ಉತ್ತಯ್ಯನವರು ಕೊನೆಯ ಪ್ರಯತ್ನವೆಂಬಂತೆ ಮೊಣ್ಣಪ್ಪನವರ ಕಡೆ ತಿರುಗಿದರು. ಅವರ ಎಲೆಯಲ್ಲಿ ಒಂದು ಮೂಲೆ ಖಾಲಿ ಕಂಡಿತು. ಅಂಥ ಆಪತ್ತಿನಲ್ಲೂ ಕೈ ಸುಮ್ಮನಿರಲಿಲ್ಲ. ಬೇಡ ಎಂದು ಮೊಣ್ಣಪ್ಪನವರು ಅಡ್ಡ ಹಿಡಿದ ಬೆರಳುಗಳ ಸಂದಿಯಿಂದ ಒಂದು ಇಡ್ಲಿ ಜಾರಿ ಎಲೆಗೆ ಬಿತ್ತು!

ಮೊಣ್ಣಪ್ಪನವರು ಇಡ್ಲಿಯನ್ನು ನೋಡಿದರು, ಉತ್ತಯ್ಯನವರನ್ನು ನೋಡಿದರು, ಎದ್ದು ನಿಂತರು.

"ಗಂಗಮ್ಮಾ, ಇವರು ಹೇಳುವುದು ನಿಜ. ಹೋಟೆಲಿನವರು ಕೇಳಿದರೆ ಕೊಡ್ತಾರೆ. ಬೇಡ ಅಂದರೂ ಹಾಕುವವರು ನಮ್ಮ ಕಡೆ ಮನೆ ಯಜಮಾನರು ಮಾತ್ರ. ನಮಸ್ಕಾರ ಬೀಗರೇ!"

ಮುಂದಿನದೆಲ್ಲ ದಿಗ್ವಿಜಯ. ಕಲ್ಲೇಶಪ್ಪನವರು ನಕ್ಕು ತಪ್ಪೊಪ್ಪಿಕೊಂಡರು. ಬೀಗರ ಬಸ್ಸನ್ನು ಬಿಟ್ಟು ಎಲ್ಲರೂ ಜೀಪಿಗೆ ಹತ್ತಿದರು. ದಾರಿಯುದ್ದಕ್ಕೂ ಉತ್ತಯ್ಯನವರ ಎದೆ ಎಷ್ಟು ಉಬ್ಬಿತೆಂದರೆ, ಪಕ್ಕದಲ್ಲಿದ್ದ ನಾಣಯ್ಯನವರಿಗೆ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಲು ಜಾಗ ಸಾಲಲಿಲ್ಲ.

ಮನೆ ಮುಟ್ಟಿದರು. ಅಚಾನಕ ಬಂದ ನೆಂಟರನ್ನು ಕಂಡು ಪೂವಮ್ಮ ಓಡಾಡಿ ಕಾಲಿಗೆ ನೀರು ಕೊಟ್ಟು ಚಾಪೆ ಹಾಸಿದರು. ಸರೋಜ ಕಾಫಿ ತಂದಿಟ್ಟು ಬಾಗಿಲ ಹಿಂದೆ ನಿಂತಳು. "ನಮಗೆ ಒಪ್ಪಿಗೆ," ಎಂದು ಮೊಣ್ಣಪ್ಪನವರು ಬಾಯಿಬಿಟ್ಟು ಹೇಳಿದ್ದೇ ತಡ, ಉತ್ತಯ್ಯನವರು ಹೆಂಡತಿಯ ಕಡೆ ತಿರುಗಿದರು.

"ಕೇಳಿದೆಯಾ? ಬ್ರಂಚಿಗೆ ಹೋಗಬೇಡ ಅನ್ನುವ ಹಾಗೆ ಮುಖ ಮಾಡಿದೆಯಲ್ಲ! ಈ ಸಂಬಂಧ ಕುದುರಿದ್ದು ನನ್ನ ಬಡಿಸುವ ಕೈಯಿಂದ! ಆ ಕೈ ನೋಡಿಯೇ ಬೀಗರು ನನ್ನ ಗುರುತು ಹಿಡಿದದ್ದು!"

"ಇವರು ಹಿಡಿದದ್ದು ಆಗ," ಎಂದರು ಗಂಗಮ್ಮ ಕಾಫಿ ಲೋಟದ ಮರೆಯಲ್ಲಿ ನಗುತ್ತ. "ನಾನು ಅದಕ್ಕೂ ಮೊದಲೇ ಹಿಡಿದಿದ್ದೆ ಅಣ್ಣಾ."

"ಮೊದಲೇ? ಹೇಗೆ?"

"ಆ ಮದುವೆಯಲ್ಲಿ ನಾನು ಸರೋಜನ ಹತ್ರ, ನಿಮ್ಮ ಅಪ್ಪ ಎಂಥವರು ಮಗಾ ಅಂತ ಕೇಳಿದ್ದೆ. 'ತುಂಬ ಒಳ್ಳೆಯವರು ಅತ್ತೇ, ಅಪ್ಪ ಹೇಳಿದ್ದನ್ನ ನಾಲ್ಕರಿಂದ ಭಾಗಿಸಿದರೆ ಆಯ್ತು' ಅಂದ್ಲು. ಅಂಥ ನಿಜ ಹೇಳುವ ಹುಡುಗಿಯನ್ನ ಅಲ್ಲೇ ಒಪ್ಪಿದೆ. ಇವತ್ತು ನೀವು ನೂರಿಪ್ಪತ್ತು ಎಕರೆ ಅಂದ ಕೂಡಲೇ ಭಾಗಿಸಿದೆ. ಮೂವತ್ತು ಬಂತು! ಕೋಣೆ ಐದು, ನಾಯಿ ಎರಡು! ಮದುವೆಯಲ್ಲೇ ವಿಚಾರಿಸಿ ಇಟ್ಟುಕೊಂಡ ನಿಜದ ಲೆಕ್ಕಕ್ಕೆ ಎಲ್ಲ ಸರಿಯಾಗಿ ಕೂತಿತು. ಆಗಲೇ ಗೊತ್ತಾಯ್ತು, ಸೌಟು ಹಿಡಿದು ನಿಂತವರೇ ಬೀಗರು ಅಂತ. ವಾಪಸು ಹೋಗುವ ಅಂದದ್ದು, ನಿಮ್ಮ ಬಾಯಿಂದಲೇ ನಿಜ ಬರ್ತದಾ ನೋಡುವ ಅಂತ."

ಬಾಗಿಲ ಹಿಂದಿನಿಂದ ಸರೋಜ ಓಡಿಹೋದ ಸದ್ದು ಕೇಳಿತು. ಕಲ್ಲೇಶಪ್ಪನವರು ಹದಿನಾಲ್ಕು ಇಡ್ಲಿಯ ಹೊಟ್ಟೆ ಹಿಡಿದುಕೊಂಡು ನಗಲೂ ಆಗದೆ ಬಿಡಲೂ ಆಗದೆ ನರಳಿದರು.

ಉತ್ತಯ್ಯನವರು ಪೆಚ್ಚಾಗಿ, ಇನ್ನೂ ಹೆಗಲಲ್ಲೇ ಇದ್ದ ಟವಲಿನಿಂದ ಮುಖ ಒರೆಸಿಕೊಂಡರು. "ನೋಡಿದೆಯಾ ಪೂವಮ್ಮಾ, ನಿನ್ನ ಮಗಳು! ಹೆತ್ತ ಅಪ್ಪನನ್ನ ಹೀಗೆ ನಾಲ್ಕರಿಂದ ಭಾಗಿಸುವುದಾ?"

ಪೂವಮ್ಮ ಬೀಗಿತ್ತಿಗೆ ಇನ್ನಷ್ಟು ಕಾಫಿ ಬಗ್ಗಿಸುತ್ತ, ತಲೆ ಎತ್ತದೆ ಹೇಳಿದರು:

"ಎಷ್ಟಾದರೂ ಹೆಣ್ಣು ಮಗು, ಅಪ್ಪನ ಮೇಲೆ ಮಮತೆ ಜಾಸ್ತಿ. ನಾನು ಮದುವೆಯಾದ ದಿನದಿಂದ ಎಂಟರಿಂದ ಭಾಗಿಸ್ತಾ ಬಂದಿದ್ದೇನೆ!"