ಬಿಡ್ತು ಎಂದದ್ದಕ್ಕೆ ಒಂದು ದ್ವೀಪ

ಪೆಸಿಫಿಕ್‌ನ ಪುಟ್ಟ ದ್ವೀಪರಾಷ್ಟ್ರಗಳಿಗೆ ವಿಪತ್ತಿನ ವಿಮೆಯ ಬಗ್ಗೆ ಸಲಹೆ ಕೊಡುವುದು ನನ್ನ ಉದ್ಯೋಗ. ಗಾಳಿ ಗೊತ್ತುಪಡಿಸಿದ ವೇಗ ದಾಟಿದರೆ ಪರಿಹಾರದ ಹಣ ತಾನಾಗಿ ಬರುತ್ತದೆ. ಇಷ್ಟನ್ನು ಹೇಳಲು ಎರಡು ಪದವಿ ಪಡೆದಿದ್ದೇನೆ. ತಪ್ಪಾಗಲು ಅವಕಾಶವೇ ಇರಲಿಲ್ಲ!

ಒಂದು ದ್ವೀಪದ ಹಣಕಾಸು ಅಧಿಕಾರಿಣಿಯೊಂದಿಗೆ ಆನ್‌ಲೈನ್ ಸಭೆಯಿತ್ತು. ಆ ಸಂಜೆಯೊಳಗೆ ಅವರು ಒಪ್ಪಿದರೆ ಮಾತ್ರ ಈ ಚಂಡಮಾರುತದ ಕಾಲಕ್ಕೆ ವಿಮೆ. ನ್ಯೂಜಿಲೆಂಡಿನ ಪೊರಿರುವಾದ ನನ್ನ ಬಾಡಿಗೆ ಕೋಣೆಯಲ್ಲಿ ವಾರವಿಡೀ ಗಟ್ಟಿಯಾಗಿ ಅಭ್ಯಾಸ ಮಾಡಿದೆ.

"ಚಂಡಮಾರುತಕ್ಕೆ ಆಸ್ಪತ್ರೆಯ ಛಾವಣಿ ಹಾರಿಹೋದರೆ..."

ಮನೆಯೊಡತಿ, ಮೈಸೂರಿನ ಸರೋಜಾ ಆಂಟಿ, ಅಡುಗೆಮನೆಯಿಂದಲೇ ಕೂಗಿದರು. "ದೀಪ ಹಚ್ಚೋ ಹೊತ್ನಲ್ಲಿ ಏನೇ ಇದು ಮಾತು! ಬಿಡ್ತು ಅನ್ನು!"

"ಆಂಟಿ, ಇದು ನನ್ನ ಕೆಲಸ."

"ಅಸ್ತು ದೇವತೆಗಳಿಗೆ ನಿಮ್ಮ ಆಫೀಸ್‌ನೋರು ರಜ ಕೊಟ್ಟಿದಾರಾ? ಅನ್ನು ಮೊದ್ಲು!"

ಅಂದೆ. ಪ್ರತಿ ಸಲವೂ ಅಂದೆ. ನಾಲಿಗೆ ಅದನ್ನು ಕಂಠಪಾಠ ಮಾಡಿಕೊಂಡಿತು.

ಸಭೆಯಲ್ಲಿ ನನ್ನ ವಿವರಣೆಯೊಳಗೆ ದ್ವೀಪದ ಬಂದರು ಕೊಚ್ಚಿಹೋಯಿತು, ಬಿಡ್ತು. ಶಾಲೆ ಕುಸಿಯಿತು, ಬಿಡ್ತು. ನನಗೆ ಗೊತ್ತೇ ಆಗಲಿಲ್ಲ. ಮಾತನ್ನು ಅಕ್ಷರಕ್ಕಿಳಿಸುವ ಯಂತ್ರ ಮಾತ್ರ ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ನಿಷ್ಠೆಯಿಂದ ಬರೆಯುತ್ತಿತ್ತು: 'ಬಿಡ್ ಟೂ.' ಅಂದರೆ ಎರಡನೇ ಪ್ರಸ್ತಾವ!

ಅಧಿಕಾರಿಣಿ ಕನ್ನಡಕ ಸರಿಪಡಿಸಿಕೊಂಡರು. "ಓಹೋ, ಎರಡನೇ ಬಿಡ್ ಕೂಡ ಇದೆಯಾ? ಹಾಗಾದರೆ ಅದನ್ನೂ ನೋಡಿಯೇ ತೀರ್ಮಾನಿಸೋಣ."

ಆಗಲೇ ನಿಜ ಹೇಳಬಹುದಿತ್ತು. ಆದರೆ ಅದೇ ಸಭೆಯಲ್ಲಿದ್ದ ನನ್ನ ಬಾಸ್ ಬ್ರೆಂಟ್ ಎದುರು ಆಂಟಿ, ದೀಪ, ಅಸ್ತು ದೇವತೆಗಳನ್ನು ವಿವರಿಸುವುದು ಹೇಗೆ? ಮನೆಯ ಮಾತನ್ನು ಹೊರಗೆ ಆಡುವವಳಲ್ಲ ನಾನು.

"ಇದೆ," ಎಂದೆ.

"ಸ್ವೀಟ್ ಆ್ಯಸ್!" ಎಂದು, ಅಂದರೆ ಇಲ್ಲಿನವರ ಭಾಷೆಯಲ್ಲಿ 'ಭಲೇ' ಎಂದು, ಹಿಗ್ಗಿದ ಬ್ರೆಂಟ್. "ಇನ್ನೊಂದು ಬಿಡ್ ರೆಡಿ ಮಾಡಿದ್ದೀಯಾ? ನನಗೇ ಹೇಳಿಲ್ಲವಲ್ಲ!"

ನನಗೂ ಯಾರೂ ಹೇಳಿರಲಿಲ್ಲ!

ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಅಧಿಕಾರಿಣಿಗೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. "ನಮ್ಮ ಅಜ್ಜಿಯೂ ಹೀಗೇ ಬಾಯಿ ಮುಚ್ಚಿಸುತ್ತಿದ್ದಳು ಮಗಳೇ. ಸರಿ, ಮೊದಲನೆಯದಕ್ಕೇ ಸಹಿ ಹಾಕುತ್ತೇವೆ."

ವಿಮಾ ಸಂಸ್ಥೆಯವರು ನಗಲಿಲ್ಲ. ಗಡುವು ಹಿಂದಿನ ಸಂಜೆಯೇ ಮುಗಿದಿತ್ತು. ಬೇಡಿಕೊಂಡೆ, ಅತ್ತೂಬಿಟ್ಟೆ. ಮುಂದಿನ ವರ್ಷ ನೋಡೋಣ ಎಂದರು.

ಈಗ ಚಂಡಮಾರುತದ ಕಾಲ. ಹಲ್ಲುಜ್ಜುವ ಮೊದಲೇ ಹವಾಮಾನ ನಕ್ಷೆ ತೆರೆಯುತ್ತೇನೆ. ಸಮುದ್ರದ ಮೇಲೆ ಒಂದು ಬಿಳಿ ಸುರುಳಿ ಕಂಡರೂ ಅನ್ನ ಇಳಿಯುವುದಿಲ್ಲ. ನಿನ್ನೆ ಅಧಿಕಾರಿಣಿಯ ಸಂದೇಶ ಬಂದಿತ್ತು: "ಇಲ್ಲಿ ಇವತ್ತು ಬಿಸಿಲು. ನೀನು ಊಟ ಮಾಡು."

ಆ ದ್ವೀಪಕ್ಕೆ ಎದುರಾಗಬಹುದಾದ ವಿಪತ್ತುಗಳನ್ನೆಲ್ಲ ಕೂಲಂಕಷವಾಗಿ ಅಧ್ಯಯನ ಮಾಡಿದ್ದೆ. ಸಲಹೆಗಾರ್ತಿಯೊಬ್ಬಳನ್ನು ಬಿಟ್ಟು!