ಸೊಂಟದಲ್ಲಿ ಚಂಚಿ, ಕೈಯಲ್ಲಿ ಪಿಸ್ತೂಲು

ಇರುವೆಗೂ ಬಹುವಚನ ಕೊಟ್ಟು ಮಾತಾಡುವ ಮನುಷ್ಯನ ಹತ್ತಿರ ಪಿಸ್ತೂಲಿತ್ತು ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು, ಅವರು ನಮ್ಮ ಕಾಕಾ, ಅಂದರೆ ಚಿಕ್ಕಪ್ಪ! "ಒಂದೀಟ ಬಾಜೂ ಸರೀರಿ, ಕಾಲಾಗ ಬಂದೀರಿ" ಎಂದು ಹೊಸ್ತಿಲ ಮೇಲಿನ ಇರುವೆಗಳಿಗೆ ಹೇಳಿ, ಅವು ಸರಿಯುವವರೆಗೆ ಒಂದು ಕಾಲೆತ್ತಿ ಕಾಯುತ್ತಿದ್ದರು. ಹುಟ್ಟಾ ಜೈನರು. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವವರಲ್ಲ. ಅಂಥವರು ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ಬೆಳಗಾವಿಗೆ ಒಣಮೆಣಸಿನಕಾಯಿ ತರಲು ಹೋಗಿ ಗಾಳಿ ಪಿಸ್ತೂಲು ತಂದರು. ಮೆಣಸಿನಕಾಯಿ ಮರೆತು ಬಂದರು.

ಗಾಳಿ ಪಿಸ್ತೂಲೆಂದರೆ ಹೆದರಬೇಡಿ. ಜೋಳದ ಕಾಳಿನಷ್ಟು ಸೀಸದ ಗುಂಡನ್ನು ಗಾಳಿಯ ಒತ್ತಡದಿಂದ ಹಾರಿಸುವ ಸಾಧನ. ಪ್ರತಿ ಸಲವೂ ಒಂದೊಂದೇ ಗುಂಡು ತುಂಬಬೇಕು. ಹುಕ್ಕೇರಿಯ ಆಚೆ ಒಂದು ಹಳೆಯ ಕಲ್ಲಿನ ಖಣಿಯಲ್ಲಿ ವರ್ಷಕ್ಕೊಮ್ಮೆ ಹವ್ಯಾಸಿಗಳ ಪಂದ್ಯ ನಡೆಯುತ್ತಿತ್ತು. ಸೀಟಿ ಊದಿದ ಕೂಡಲೇ ಸೊಂಟದಿಂದ ಪಿಸ್ತೂಲು ಎಳೆದು, ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಓಡುತ್ತ, ಆರು ಕಬ್ಬಿಣದ ತಟ್ಟೆಗಳನ್ನು ಹೊಡೆದು ಬೀಳಿಸಬೇಕು. ಬೇಗ ಬೀಳಿಸಿದ ಮೊದಲ ಮೂವರಿಗೆ ಪದಕ. ಮೂಡಲಗಿಯ ಕಿರಾಣಿ ಅಂಗಡಿಯಲ್ಲಿ ಇಡೀ ದಿನ ಬೇಳೆ ತೂಗಿ ತೂಗಿ ಬಾಡಿರುತ್ತಿದ್ದ ಕಾಕಾನ ಮುಖ ಈ ಪಂದ್ಯದ ಮಾತೆತ್ತಿದರೆ ಸಾಕು, ಹನ್ನೆರಡು ವರ್ಷದ ಹುಡುಗನದಾಗುತ್ತಿತ್ತು!

ಆದರೆ ಅಂಗಡಿಯಿಂದ ತಂದ ಪಿಸ್ತೂಲನ್ನು ಹಾಗೇ ಬಳಸಲು ಬರುತ್ತದೆಯೇ? ಅದನ್ನು ಹದ ಮಾಡಬೇಕು. ಮೊದಲು ಕುದುರೆ, ಅಂದರೆ ಬೆರಳಿನಿಂದ ಎಳೆಯುವ ಕೀಲು. ಅದು ಬಿಗಿಯಾಯಿತೆಂದು ಬಿಚ್ಚಿ, ಒಳಗಿನ ಕಚ್ಚನ್ನು ಹಲ್ಲುಪುಡಿ ಹಾಕಿ ಉಜ್ಜಿದರು. ಎಷ್ಟು ಉಜ್ಜಿದರೆಂದರೆ ಮನೆಯವರೆಲ್ಲ ಎರಡು ದಿನ ಉಪ್ಪಿನಲ್ಲಿ ಹಲ್ಲು ತಿಕ್ಕಿದೆವು. ಎಷ್ಟು ಭಾರಕ್ಕೆ ಕುದುರೆ ಜಗ್ಗುತ್ತದೆಂದು ನೋಡಲು ಅಂಗಡಿಯ ತೂಕದ ಕಲ್ಲನ್ನೇ ಅದಕ್ಕೆ ದಾರ ಕಟ್ಟಿ ನೇತುಬಿಟ್ಟರು.

"ಸಾವಕಾರ್ರ, ಅರ್ಧಾ ಕಿಲೋ ಬೆಲ್ಲ ಕೊಡ್ರಿ" ಎಂದ ಗಿರಾಕಿಗೆ ಸಿಕ್ಕ ಉತ್ತರ, "ಅರ್ಧಾ ಕಿಲೋದ ಕಲ್ಲ ಪಿಸ್ತೂಲಿಗೆ ಜೋತಬಿದ್ದೈತಿ. ಒಂದ ಕಿಲೋ ಒಯ್ರಿ!"

ಆಮೇಲೆ ಹಿಡಿಕೆ. ಅದು ಅಂಗೈಗೆ ಸರಿಯಾಗಿ ಕೂಡಬೇಕು, ಬಡಿಗನಿಗೆ ಕೈಯ ಅಚ್ಚು ಕೊಡಬೇಕು. ಅಚ್ಚಿಗೆ ಮೆತ್ತನೆಯದು ಏನಿದೆ? ಕಾಕಾ ಅಡುಗೆಮನೆಗೆ ನುಗ್ಗಿದವರೇ ಪರಾತದಲ್ಲಿದ್ದ ಹಿಟ್ಟಿನ ಮುದ್ದೆಯನ್ನು ಗಟ್ಟಿಯಾಗಿ ಹಿಚುಕಿ ಹಿಡಿದರು.

"ಅಯ್ಯ, ಅದು ಹೋಳಿಗಿ ಕಣಕಾರಿ! ಬೀಗರು ಬಂದ ಕುಂತಾರ!" ಎಂದು ಕಾಕು ಕೂಗಿದರು. ಕಾಕು ಎಂದರೆ ಕಾಕಾನ ಹೆಂಡತಿ. ಒಂದು ಮಾತಿಗೆ ಎರಡು ಮಾತು ತಿರುಗಿಸಿ ಕೊಡದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ.

"ಬೀಗರು ನಾಳೆನೂ ಬರ್ತಾರ. ಹಿಂಗ ಅಚ್ಚ ಮತ್ತ ಬೀಳಂಗಿಲ್ಲ" ಎಂದು ಕಾಕಾ ಮುದ್ದೆಯೊಂದಿಗೆ ಬಡಿಗನ ಮನೆಗೆ ಓಡಿದರು. ಬೀಗರಿಗೆ ಶಿರಾ ಆಯಿತು.

ಇನ್ನು ಸೊಂಟದ ಪಟ್ಟಿ ಮತ್ತು ಪಿಸ್ತೂಲಿನ ಚೀಲ. ಪೇಟೆಯಲ್ಲಿ ಸಿಗುವುದೆಲ್ಲ ಚರ್ಮದ್ದು. "ಚರ್ಮಾ ಸೊಂಟಕ್ಕ ಕಟಗೊಂಡು ಬಸದಿ ಮುಂದ ಹ್ಯಾಂಗ ಹಾಯ್ದು ಹೋಗ್ಲಿ?" ಎಂದು ಕಾಕಾ ಘೋಡಗೇರಿಯ ದರ್ಜಿಯ ಕೈಯಲ್ಲಿ ಲಾರಿಗೆ ಹೊದಿಸುವ ತಾಡಪತ್ರಿಯ ಚೀಲ ಹೊಲಿಸಿದರು. ಗುಂಡು ಇಟ್ಟುಕೊಳ್ಳಲು? ನಮ್ಮ ಅಜ್ಜನ ಕಾಲದ ಅಡಕೆ ಚಂಚಿ! ನಾಲ್ಕು ಪದರದ ಆ ಬಟ್ಟೆಯ ಚೀಲ ಸೊಂಟದ ಎಡಕ್ಕೆ, ಪಿಸ್ತೂಲು ಬಲಕ್ಕೆ. ತಟ್ಟೆಯ ಮೇಲಿಟ್ಟ ಕಣ್ಣು ತೆಗೆಯದೆ ಚಂಚಿಯಿಂದ ಗುಂಡು ಹೆಕ್ಕಿ ತುಂಬುವುದನ್ನು ದಿನಾ ತಾಲೀಮು ಮಾಡಿದರು.

ಒಂದು ಮುಂಜಾನೆ ತಾಲೀಮಿನ ಭರದಲ್ಲಿ ಚರ್ರೆಂದು ಪಿಸ್ತೂಲು ಎಳೆದು ಬಾಗಿಲ ಕಡೆ ತಿರುಗಿದರು. ಅದು ಖಾಲಿಯೇ ಇತ್ತು. ಆದರೆ ಬಾಗಿಲಲ್ಲಿ ನಿಂತ ಹಾಲಿನವನಿಗೆ ಹೇಗೆ ಗೊತ್ತಾಗಬೇಕು? ಅವನು ಕ್ಯಾನು ಕೆಳಗಿಟ್ಟು ಎರಡೂ ಕೈ ಮೇಲೆತ್ತಿ, "ಸಾವಕಾರ್ರ, ನೀರ ಹಾಕಿದ್ದು ಖರೆ ಐತ್ರಿ! ಇನ್ನ ಹಾಕಂಗಿಲ್ರಿ!" ಎಂದುಬಿಟ್ಟ.

ಅಂದಿನಿಂದ ಹಾಲು ಗಟ್ಟಿಯಾಯಿತು, ಆದರೆ ಕಾಕುವಿನ ಸಹನೆ ತೆಳುವಾಯಿತು. "ಈ ಸಲ ಮೆಡಲ್ ತಂದ್ರ ಸರಿ. ತರಲಿಲ್ಲಂದ್ರ ಆ ಪಿಸ್ತೂಲ ಈ ಮನ್ಯಾಗ ಇರಂಗಿಲ್ಲ. ಮಾತ ಕೊಡ್ರಿ!"

ಕಾಕಾ ಕೊಟ್ಟೇಬಿಟ್ಟರು. ಮಾತು ಕೊಟ್ಟರೆ ಅದು ಅವರಿಗೆ ನೇಮವಿದ್ದ ಹಾಗೆ, ತಪ್ಪುವವರಲ್ಲ.

ಪಂದ್ಯದ ದಿನ ಬೆಳಿಗ್ಗೆ ಗಂಟಲು ಕೆರೆಯುತ್ತಿದೆಯೆಂದು ಕಾಕಾ ಅಂಗಡಿಯ ಡಬ್ಬಿಯಿಂದ ನಾಲ್ಕಾರು ಲವಂಗ ತೆಗೆದು ಚಂಚಿಗೆ ಸುರಿದುಕೊಂಡಿದ್ದನ್ನು ನಾನೇ ಕಣ್ಣಾರೆ ನೋಡಿದೆ. ಸಾಕ್ಷಿಗೆಂದು ಕಾಕುವೂ ನಮ್ಮ ಜೊತೆ ಬಸ್ಸು ಹತ್ತಿದರು.

ಸೀಟಿ ಊದಿದರು. ಅಬ್ಬಾ, ಏನು ಓಟ! ಒಂದರ ಹಿಂದೆ ಒಂದು ಐದು ತಟ್ಟೆ ಬಿದ್ದವು. ಮನೆಯಲ್ಲಿ ಶಾಪ ಹಾಕುತ್ತಿದ್ದ ಕಾಕು ಇಲ್ಲಿ ಎದ್ದು ನಿಂತು, "ಹೊಡೀರಿ! ಇನ್ನೊಂದ, ಹೊಡೀರಿ!" ಎಂದು ಕಿರುಚುತ್ತಿದ್ದರು. ಕಾಕಾ ತಟ್ಟೆಯ ಮೇಲಿನ ಕಣ್ಣು ತೆಗೆಯದೆ ಚಂಚಿಗೆ ಕೈ ಹಾಕಿದರು, ತುಂಬಿದರು, ಗುರಿಯಿಟ್ಟರು, ಕುದುರೆ ಎಳೆದರು. ಠುಸ್! ತಟ್ಟೆ ಅಲುಗಲಿಲ್ಲ. ಖಣಿಯ ತುಂಬ ಪಲಾವಿನ ಘಮಘಮ!

ಪಂದ್ಯದ ಪಂಚರು ಮೂಗರಳಿಸಿ ಹತ್ತಿರ ಬಂದು ನೋಡಿದರು. "ಯಜಮಾನ್ರ, ನೀವು ಲವಂಗ ಹೊಡದೀರಿ!"

"ಯಾಲಕ್ಕಿನೂ ಒಗೀರಿ ಕಾಕಾ, ಚಹಾ ಇಡ್ತೇವಿ!" ಎಂದು ಯಾರೋ ಕೂಗಿದರು. ಖಣಿಯೇ ನಕ್ಕಿತು. ನಳಿಗೆಯಲ್ಲಿ ಸಿಕ್ಕ ಚೂರು ತೆಗೆದು ಮತ್ತೆ ಗುಂಡು ತುಂಬುವಷ್ಟರಲ್ಲಿ ವೇಳೆ ಮುಗಿದಿತ್ತು. ಕಾಕಾ ನಾಲ್ಕನೆಯವರಾದರು.

ಹಿಂದಿರುಗುವ ಬಸ್ಸಿನಲ್ಲಿ ಕಾಕಾ ಸೊಂಟದ ಪಟ್ಟಿ ಬಿಚ್ಚಿ, ಪಿಸ್ತೂಲಿನ ಸಮೇತ ಕಾಕುವಿನ ಮಡಿಲಲ್ಲಿಟ್ಟರು. "ನಾಳೆ ಬೆಳಗಾವಿಗೆ ಒಯ್ದು ಕೊಟ್ಟ ಬರ್ತೇನಿ."

"ಇರ್ಲಿ ಬಿಡ್ರಿ. ಒಂದ ಮೂಲ್ಯಾಗ ಬಿದ್ದಿರ್ತೈತಿ."

"ಮಾತ ಅಂದ್ರ ಮಾತ." ಕಾಕಾ ಮುಂದಿನ ಸೀಟಿನ ಕಂಬಿಯನ್ನೇ ನೋಡುತ್ತ ಕುಳಿತರು. ಮುಖ ಮತ್ತೆ ಬೇಳೆ ತೂಗುವ ಮುಖವಾಗಿತ್ತು.

ಕಾಕು ಆ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಚಂಚ್ಯಾಗ ಲವಂಗ ಹಾಕಿದಾಕಿ ನಾನ್ರಿ" ಎಂದರು.

ನಾನು ಬಾಯಿ ತೆರೆದೆ. ಕಾಕು ನನ್ನ ಕಾಲನ್ನು ಬಲವಾಗಿ ತುಳಿದರು.

"ನೀವು ರಾತ್ರಿಯೆಲ್ಲಾ ಕೆಮ್ಮಾಕತ್ತಿದ್ರಿ, ಅದಕ್ಕ ಹಾಕಿದ್ನಿ. ತಪ್ಪು ನಂದು. ಅಂದಮ್ಯಾಲ ಈ ವರ್ಷದ್ದು ಲೆಕ್ಕಕ್ಕ ಹಿಡಿಯಾಕ ಬರಂಗಿಲ್ಲ. ಮುಂದಿನ ವರ್ಷ ನೋಡೂಣು."

ಕಾಕಾ ಧಡಕ್ಕನೆ ತಿರುಗಿದರು. ಬೆಳಿಗ್ಗೆ ತಾವೇ ಸುರಿದುಕೊಂಡದ್ದು ಅವರಿಗೆ ಮರೆತೇ ಹೋಗಿತ್ತೋ, ಅಥವಾ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. "ನೀನಾ? ಐದ ತಟ್ಟಿ ಬಿದ್ದಿದ್ದೂ! ನಿನ್ನ ತಲ್ಯಾಗ ಏನೈತಿ? ಲವಂಗ ಇಡೂ ಜಾಗಾ ಏನ ಅದು?" ಎಂದು ಶುರುವಾದ ಬೈಗುಳ ಘಟಪ್ರಭಾ ದಾಟಿತು. ಗೋಕಾಕದಲ್ಲಿ ಬಸ್ಸು ನಿಂತಾಗಲೂ ನಿಂತಿರಲಿಲ್ಲ. ಕಾಕಾನ ಕಣ್ಣುಗಳು ಮಿಂಚುತ್ತಿದ್ದವು, ಕೈಗಳು ಗಾಳಿಯಲ್ಲಿ ಆರನೆಯ ತಟ್ಟೆ ಹೊಡೆಯುತ್ತಿದ್ದವು. ಕಾಕು ಮಡಿಲಿನ ತಾಡಪತ್ರಿ ಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡು, ತಲೆ ತಗ್ಗಿಸಿ, "ಹೂಂನ್ರಿ, ತಪ್ಪಾತ್ರಿ... ಹೂಂನ್ರಿ, ತಪ್ಪಾತ್ರಿ" ಎನ್ನುತ್ತ ಕುಳಿತಿದ್ದರು.