ಗಲ್ಲ ಸ್ವಲ್ಪ ಮೇಲೆ!

“ಈ ಗೋಡೆಗೆ ಜೊಂಡುಬಕದ ಫೋಟೊ ಹಾಕದೆ ಹೋದ್ರೆ ನಾನು ಕ್ಯಾಮೆರಾ ಹಿಡಿದವನೇ ಅಲ್ಲ!”

ಹೀಗೆಂದು ಸ್ಟುಡಿಯೊ ಮಾಮ ಮನೆಯ ಹಾಲ್‌ನ ನಟ್ಟನಡುವೆ ನಿಂತು ಶಪಥ ಮಾಡಿದರು. ಬರೀ ಶಪಥವಾಗಿದ್ದರೆ ಚಿಂತೆಯಿರಲಿಲ್ಲ, ಗಾಳಿಗೆ ಹೋಗುತ್ತಿತ್ತು. ಮಾಮ ಸ್ಟೂಲು ಹತ್ತಿ, ತಮ್ಮ ಮದುವೆಯ ಫೋಟೊ ಇಳಿಸಿ, ಅದೇ ಮೊಳೆಗೆ ಒಂದು ದೊಡ್ಡ ಖಾಲಿ ಫ್ರೇಮು ನೇತುಹಾಕಿಬಿಟ್ಟರು!

“ರೀ, ಆ ಫೋಟೊ ಏನು ಪಾಪ ಮಾಡಿತ್ತು?” ಎಂದರು ಹೆಂಡತಿ.

“ಬೀರು ಮೇಲಿರಲಿ ಬಿಡೆ. ಈಗ ಹಕ್ಕಿಗೆ ಜಾಗ ಬೇಕು.”

“ಹಕ್ಕಿ ಬರದಿದ್ರೆ?”

“ಬಂದೇ ಬರುತ್ತೆ!”

“ಸರಿ. ಭಾನುವಾರ ನನ್ನ ತಮ್ಮ, ಅವನ ಹೆಂಡತಿ ಊಟಕ್ಕೆ ಬರ್ತಾರೆ. ಅಷ್ಟರೊಳಗೆ ಹಕ್ಕಿ ಬಂದ್ರೆ ಸರಿ. ಇಲ್ಲದಿದ್ರೆ ನನ್ನ ಮದುವೆ ಗೋಡೆ ಹತ್ತುತ್ತೆ, ನಿಮ್ಮ ಕ್ಯಾಮೆರಾ ಬೀರು ಹತ್ತುತ್ತೆ. ಮತ್ತೆ ಇಳಿಯಲ್ಲ.”

“ಒಪ್ಪಿದೆ!”

ಈ ಬೆಂಕಿಗೆ ಕಡ್ಡಿ ಗೀರಿದ್ದೇ ಆ ತಮ್ಮ. ಒನಕೆಯಂಥ ಲೆನ್ಸು ಕೊರಳಿಗೆ ಹಾಕಿಕೊಂಡು ಜೌಗು ಸುತ್ತುವ ಮಹಾನುಭಾವ. “ಭಾವ, ನಿಮ್ಮದು ಜನರನ್ನ ಪರದೆ ಮುಂದೆ ಕೂರಿಸಿ ತೆಗೆಯೋ ವಿದ್ಯೆ. ಜೊಂಡುಬಕ ಅಂದ್ರೆ ಹುಡುಗಾಟ ಅಲ್ಲ. ಜೊಂಡಿನಲ್ಲಿ ಜೊಂಡಾಗಿಬಿಡುತ್ತೆ, ಮೂಗಿನ ಮುಂದೆ ನಿಂತಿದ್ರೂ ಕಣ್ಣಿಗೆ ಬೀಳಲ್ಲ. ನನಗೇ ಸಿಕ್ಕಿಲ್ಲ!” ಎಂದುಬಿಟ್ಟಿದ್ದ.

ಮಾಮನಿಗೆ ಉರಿದುಹೋಯಿತು. ಇಡೀ ಊರಿನ ಮುಖಗಳು ಅವರ ಸ್ಟುಡಿಯೊದ ಸ್ಟೂಲಿನ ಮೇಲೆ ಕೂತು ಎದ್ದು ಹೋಗಿದ್ದವು. ಅಳುವ ಕೂಸನ್ನು ನಗಿಸಿದವರು, ನಗುವ ಪೊಲೀಸನನ್ನು ಗಂಭೀರ ಮಾಡಿದವರು ಅವರು. ಅಂಥವರಿಗೆ ಒಂದು ಬಕ ಯಾವ ಲೆಕ್ಕ!

ಮರುದಿನ ಬೆಳಕು ಹರಿಯುವ ಹೊತ್ತಿಗೆ ಮೊಣಕಾಲುದ್ದದ ರಬ್ಬರ್ ಬೂಟು ಏರಿಸಿ, ಊರಾಚೆಯ ಜೌಗಿನ ಮೇಲೆ ಮಾಮನ ದಂಡಯಾತ್ರೆ ಹೊರಟಿತು. ಹಿಂದೆ ಮಡಚುವ ಸ್ಟೂಲು ಹಿಡಿದು ಹೆಂಡತಿ. ಸ್ಟುಡಿಯೊದಲ್ಲಿ ಜೀವಮಾನವಿಡೀ ದೀಪ ಹಿಡಿದು ನಿಂತವರು ಅವರು. ಅವರಿಲ್ಲದೆ ಮಾಮನಿಗೆ ತಮ್ಮ ಕನ್ನಡಕವೇ ಸಿಗುತ್ತಿರಲಿಲ್ಲ, ಇನ್ನು ಹಕ್ಕಿ ಸಿಗುತ್ತದೆಯೇ? ಸಾಲದ್ದಕ್ಕೆ ಆಕೆಯ ಕಿವಿ ಬಲು ಚುರುಕು. ಹುಲ್ಲು ಅಲುಗಿದರೆ ಗಾಳಿಯೋ ಕಪ್ಪೆಯೋ ಎಂದು ಹೇಳಬಲ್ಲವರು.

ಅದೃಷ್ಟ ನೋಡಿ, ಎದುರಿನ ಗೂಟದ ಮೇಲೆ ಒಂದು ಮಿಂಚುಳ್ಳಿ ಬಂದು ಕೂತಿತು! ಕೈ ಪಳಗಲಿ ಎಂದು ಮಾಮ ಕ್ಯಾಮೆರಾ ಎತ್ತಿದರು. ಉಸಿರು ಹಿಡಿದರು. ಬೆರಳು ಗುಂಡಿಯ ಮೇಲೆ ಬಂತು. ಆಗ...

“ಗಲ್ಲ ಸ್ವಲ್ಪ ಮೇಲೆ! ಅಲ್ಲಾಡಬೇಡಿ! ರೆಡಿ!”

ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲಿನ ಕಿವುಡು ತಾತನಿಗೂ ಕೇಳಿಸುತ್ತಿದ್ದ ದನಿ ಅದು! ಮಿಂಚುಳ್ಳಿ ಮಾಯ. ಅದರ ಹಿಂದೆ ಬಾತು, ನೀರುಕೋಳಿ, ಬೆಳ್ಳಕ್ಕಿ, ಎಲ್ಲ ದಡಬಡನೆ ಎದ್ದು, ಇಡೀ ಜೌಗು ಸಂತೆ ಮುಗಿದ ಬಯಲಿನಂತೆ ಖಾಲಿಯಾಯಿತು.

“ಯಾರೇ ಅದು ಕೂಗಿದ್ದು?” ಮಾಮ ಕೆರಳಿದರು.

“ಇನ್ಯಾರು? ನೀವೇ!”

“ನಾನಾ? ಛೆ ಛೆ!”

ಪಾಪ, ಅವರಿಗೆ ಗೊತ್ತೇ ಆಗಿರಲಿಲ್ಲ. ಅಷ್ಟು ವರ್ಷದ ಕಸುಬು ನಾಲಿಗೆಯನ್ನೂ ಬೆರಳನ್ನೂ ಒಂದೇ ನೊಗಕ್ಕೆ ಕಟ್ಟಿಬಿಟ್ಟಿತ್ತು. ಮರುದಿನ ಹಲ್ಲು ಕಚ್ಚಿ ಹಿಡಿದರು. ಮಾತು ಹಲ್ಲಿನ ಸಂದಿಯಿಂದ ನುಗ್ಗಿತು. ಅದರ ಮರುದಿನ ಬಾಯಿಗೆ ಅಂಟುಮಿಠಾಯಿ ತುರುಕಿಕೊಂಡರು. ಕಟ್ಟಿಸಿದ ಹಲ್ಲು ಮಿಠಾಯಿ ಸಮೇತ ನೀರಿಗೆ ಬಿತ್ತು, ಅದನ್ನು ಹುಡುಕುವುದರಲ್ಲೇ ಬೆಳಗು ಕಳೆಯಿತು. ಆದರೂ ಮಾಮ ಜಗ್ಗುವ ಗಿರಾಕಿಯೇ?

“ನಾಳೆ ನನ್ನ ಬಾಯಿ ಕಟ್ಟಿಬಿಡೆ!”

“ಇದನ್ನ ಮೊದಲೇ ಹೇಳಿದ್ರೆ ಎಷ್ಟೋ ವರ್ಷದ ಹಿಂದೆ ಕಟ್ಟುತ್ತಿದ್ದೆ,” ಎಂದರು ಹೆಂಡತಿ.

ಶನಿವಾರ ಹೆಂಡತಿಯ ಉಣ್ಣೆಯ ಶಾಲು ಮಾಮನ ಬಾಯಿಗೆ ಬಿಗಿಯಿತು. ಇಬ್ಬರೂ ಜೊಂಡಿನೆದುರು ಕೂತರು. ಬಿಸಿಲೇರುತ್ತ ಬಂತು. ಇದ್ದಕ್ಕಿದ್ದಂತೆ ಹೆಂಡತಿಯ ಕಿವಿ ನಿಮಿರಿತು. ಗಾಳಿಯಲ್ಲ, ಕಪ್ಪೆಯಲ್ಲ! ಮೆಲ್ಲಗೆ ಬೆರಳು ತೋರಿಸಿದರು. ಜೊಂಡು ಸರಿಸಿಕೊಂಡು, ಜೊಂಡಿನದೇ ಮೈಬಣ್ಣದ ಒಂದು ಹಕ್ಕಿ ಹೆಜ್ಜೆ ಎಣಿಸುವಂತೆ ಹೊರಗೆ ಬಂತು. ಜೊಂಡುಬಕ!

ಮಾಮ ಗುರಿಯಿಟ್ಟರು. ಬಾಯಿ ಕಟ್ಟಿತ್ತು, ಸರಿ. ಆದರೆ ಬೆರಳು? ಬಾಯಿಂದ ಅಪ್ಪಣೆಯಾಗದೆ ಬೆರಳು ಅಲ್ಲಾಡಲೇ ಇಲ್ಲ! ಒತ್ತು ಎಂದರೆ ಒತ್ತದು. ಹಕ್ಕಿ ಅತ್ತಿತ್ತ ನೋಡಿ, ಮರಳಿ ಜೊಂಡಿನತ್ತ ತಿರುಗಿತು. ಮಾಮ ಹೆಂಡತಿಯ ಕಡೆ ನೋಡಿದರು. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಆ ಕಣ್ಣು ಅಷ್ಟು ದೀನವಾಗಿರಲಿಲ್ಲ.

ಆಕೆಗೆ ತಡೆಯಲಾಗಲಿಲ್ಲ.

“ಗಲ್ಲ ಸ್ವಲ್ಪ ಮೇಲೆ! ಅಲ್ಲಾಡಬೇಡಿ! ರೆಡಿ!”

ಬಾತು ಹಾರಿತು. ಬೆಳ್ಳಕ್ಕಿ ಹಾರಿತು. ಆದರೆ ಜೊಂಡುಬಕ? ಕತ್ತು ನೀಳ ಮಾಡಿ, ಗಲ್ಲ ಆಕಾಶಕ್ಕೆತ್ತಿ, ಜೊಂಡಿಗೆ ಒರಗಿ ನಿಂತಿತು. ರೆಪ್ಪೆ ಬಡಿಯಲಿಲ್ಲ! ಇಂಥ ವಿಧೇಯ ಗಿರಾಕಿಯನ್ನು ಮಾಮ ಜನ್ಮದಲ್ಲಿ ಕಂಡಿರಲಿಲ್ಲ. ಅಪ್ಪಣೆ ಸಿಕ್ಕ ಬೆರಳು ತಾನಾಗಿ ಓಡಿತು. ಕ್ಲಿಕ್!

ಒಂದು ಬೂಟನ್ನು ಕೆಸರಿಗೆ ಕಾಣಿಕೆ ಕೊಟ್ಟು, ಕುಂಟುತ್ತ, ಶಾಲಿನೊಳಗೇ ಜಯಕಾರ ಹಾಕುತ್ತ ಮಾಮ ಮನೆಗೆ ಬಂದರು. ಸಂಜೆಯೊಳಗೆ ದೊಡ್ಡ ಪ್ರಿಂಟು ಹಾಕಿಸಿ ಫ್ರೇಮಿಗೆ ಕೂರಿಸಿದರು.

ಭಾನುವಾರ ಭಾಮೈದನೆದುರು ಮಾಮ ಫ್ರೇಮಿನ ಮೇಲಿನ ಬಟ್ಟೆ ಎಳೆದರು. ಎಲ್ಲರೂ ನೋಡಿದರು. ಇನ್ನೂ ನೋಡಿದರು.

“ಹುಲ್ಲು ಚೆನ್ನಾಗಿ ಬಂದಿದೆ ಭಾವ.”

“ಹಕ್ಕಿ ನೋಡಯ್ಯ! ಇದೋ ಕೊಕ್ಕು!”

“ಅದು ಕಡ್ಡಿ.”

“ಇದು ಕತ್ತು!”

“ಅದೂ ಕಡ್ಡಿ ಭಾವ, ಸ್ವಲ್ಪ ದಪ್ಪ.”

ಭಾಮೈದನ ಹೆಂಡತಿ ಕನ್ನಡಕ ಏರಿಸಿ, “ಅಣ್ಣ, ಹಕ್ಕಿ ಹಾರಿಹೋದ ಮೇಲೆ ತೆಗೆದ್ರಾ?” ಎಂದು ಮರುಕದಿಂದ ಕೇಳಿದಳು.

ಮಾಮ ಮತ್ತೆ ಬೆರಳಿಟ್ಟರು. ಅಯ್ಯೋ, ಈಗ ಕೊಕ್ಕು ಅವರಿಗೂ ಸಿಗಲಿಲ್ಲ! ಬೆರಳು ಜೊಂಡಿನಲ್ಲಿ ಅಲೆದೂ ಅಲೆದೂ ಸೋತಿತು. “ನೀನಾದ್ರೂ ಹೇಳೆ! ನೀನು ಗಲ್ಲ ಎತ್ತು ಅಂದಿದ್ದಕ್ಕೆ ಅದು ಎತ್ತಲಿಲ್ವಾ?”

“ಅಕ್ಕ ಹೇಳಿದ್ದಕ್ಕೆ ಹಕ್ಕಿ ಗಲ್ಲ ಎತ್ತಿತಾ!” ಭಾಮೈದ ಹೊಟ್ಟೆ ಹಿಡಿದುಕೊಂಡು ಸೋಫಾದ ಮೇಲೆ ಉರುಳಿದ.

ಮಾಮ ಕ್ಯಾಮೆರಾ ಎತ್ತಿಕೊಂಡು ಬೀರುವಿನತ್ತ ನಡೆದರು.

“ಇಡ್ರೀ ಕೆಳಗೆ,” ಎಂದರು ಹೆಂಡತಿ. “ಹಕ್ಕಿ ಬಂದಿದ್ದಕ್ಕೆ ನಾನೇ ಸಾಕ್ಷಿ. ಕ್ಯಾಮೆರಾ ಕೆಳಗೇ ಇರಲಿ. ನೀವು ಬೀರು ಮೇಲಿಂದ ನಮ್ಮ ಫೋಟೊ ಇಳಿಸಿ.”

ಇಳಿಸಿದರು. ಆಕೆ ಧೂಳು ಒರೆಸಿ ತಮ್ಮನ ಮುಂದೆ ಹಿಡಿದರು. ಅದರಲ್ಲಿ ಮುಸಿಮುಸಿ ನಗುವ ಒಬ್ಬ ಹುಡುಗಿ. ಪಕ್ಕದಲ್ಲಿ ಕಡ್ಡಿಯಂಥ ಒಬ್ಬ ಯುವಕ. ಕತ್ತು ನೀಳ, ಗಲ್ಲ ಆಕಾಶಕ್ಕೆ, ರೆಪ್ಪೆ ಬಡಿಯದ ಕಣ್ಣು!

“ಜೊಂಡುಬಕ ತಾನೇ ನೋಡಬೇಕು ನಿನಗೆ?” ಎಂದರು ಅಕ್ಕ. “ನೋಡು, ಇದರಲ್ಲಿ ಸ್ಪಷ್ಟವಾಗಿ ಬಂದಿದೆ.”